ಕಸುಬಿಲ್ಲದ ನಾಯಕ, ಲೆಕ್ಕವಿಲ್ಲದ ಕಥೆ

ಕಾದಂಬರಿ ಬರೆಯುವುದಕ್ಕೆ ಒಂದು ಸಿದ್ಧ ಪಾಕವಿದೆ ಎಂದು ನಂಬಿದವರು ನಮ್ಮ ನಾಡಿನಲ್ಲಿ ಬಹಳ ಜನರಿದ್ದಾರೆ. ಒಬ್ಬ ಸುಂದರ ನಾಯಕ ಬೇಕು. ಅವನಿಗೆ ಬಡವರ ಮನೆಯ ಒಬ್ಬ ನಾಯಿಕೆ ಬೇಕು. ನಡುವೆ ಒಬ್ಬ ದುಷ್ಟ ಸಾವಕಾರ ಬೇಕು. ಕಥೆ ಎಲ್ಲಿ ನಿಂತುಬಿಡುತ್ತದೋ ಅಲ್ಲಿ ಒಂದು ಮೋಟಾರು ಅಪಘಾತ, ಒಂದು ಕಳೆದುಹೋದ ಕಾಗದ, ಇಲ್ಲವೆ ಹಳೆಯ ಗೆಳೆಯನೊಬ್ಬನ ಆಕಸ್ಮಿಕ ಆಗಮನ. ಕೊನೆಗೆ ಸಾವಕಾರನ ಮನಃಪರಿವರ್ತನೆ, ಮದುವೆ, ಮಂಗಳಾರತಿ! ಈ ಪಾಕವನ್ನು ಮೊದಲು ವಾರಪತ್ರಿಕೆಗಳು ಉಣಬಡಿಸಿದವು, ಆಮೇಲೆ ಸಿನಿಮಾ ಉಣಬಡಿಸಿತು, ಈಗ ಟಿ.ವಿ. ಧಾರಾವಾಹಿಗಳು ದಿನವೂ ಸಂಜೆ ಎಲೆ ಹಾಕಿ ಬಡಿಸುತ್ತಿವೆ. ಬರೆಯುವ ಆಸೆ ಹೊತ್ತ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ತರುಣರು ಕೂಡ ಪೆನ್ನು ಹಿಡಿದೊಡನೆ ಇದೇ ಪಾತ್ರೆಗೆ ಸೌಟು ಹಾಕುತ್ತಾರೆ. ನಾವು ಈ ಪಾಕವನ್ನು ವಿರೋಧಿಸುತ್ತೇವೆ.

ಗಿರಣಿಯಲ್ಲಿ ಪಾಳಿ ಮುಗಿಸಿ ಬಂದವರಿಗೂ ಕಿರಾಣಿ ಅಂಗಡಿಯ ಕದ ಹಾಕಿ ಬಂದವರಿಗೂ ಕಾದಂಬರಿಯ ಕಟ್ಟೋಣದ ಚರ್ಚೆ ಏಕೆ ಬೇಕು ಎಂದು ಯಾರಾದರೂ ಕೇಳಬಹುದು. ಬೇಕು, ಮಿತ್ರರೇ. ಕಾದಂಬರಿ ಎಂಬುದು ಒಂದು ನಾಡು ಯಾರನ್ನು ಪೂರ್ಣ ಮನುಷ್ಯರೆಂದು ಎಣಿಸುತ್ತದೆ ಎಂಬುದರ ಹಾಜರಿ ಪುಸ್ತಕ. ಯಾರ ಮನಸ್ಸಿನೊಳಗೆ ಲೇಖಕ ಇಳಿದು ನೋಡುತ್ತಾನೆ, ಯಾರನ್ನು ಚಹದ ಕಪ್ಪು ತಂದಿಟ್ಟು ಹೋಗುವ ನೆರಳನ್ನಾಗಿ ಮಾಡುತ್ತಾನೆ ಎಂಬುದು ರುಚಿಯ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ಆ ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರು ಹೇಗೆ ಬರೆಯಲ್ಪಟ್ಟಿದೆ ಎಂದು ಕೇಳುವ ಹಕ್ಕು ನಮಗಿದೆ.

ಉಣ್ಣುವುದು ಹೇಗೆ, ಹೇಳಿರಿ!

ಪಾಕದ ಕಾದಂಬರಿಯ ನಾಯಕನನ್ನು ಒಮ್ಮೆ ಪರೀಕ್ಷಿಸಿ ನೋಡಿರಿ. ಅವನು ಏಳುತ್ತಾನೆ, ಕಾಫಿ ಕುಡಿಯುತ್ತಾನೆ, ಪ್ರೇಮಿಸುತ್ತಾನೆ, ಕೊರಗುತ್ತಾನೆ, ಮುನ್ನೂರು ಪುಟ ನಡೆಯುತ್ತಾನೆ. ಅವನು ಉಣ್ಣುವ ಅನ್ನ ಎಲ್ಲಿಂದ ಬಂತು? ಅವನ ಮನೆಯ ಬಾಡಿಗೆ ಎಷ್ಟು? ಕಳೆದ ತಿಂಗಳ ಬಾಕಿ ತೀರಿತೋ ಇಲ್ಲವೋ? ಇವುಗಳಿಗೆ ಉತ್ತರವಿಲ್ಲ. ಅವನ ಗುಣವನ್ನು ಲೇಖಕ ವಿಶೇಷಣಗಳಿಂದ ಹೇಳಿಬಿಡುತ್ತಾನೆ: ಉದಾರಿ, ಭಾವುಕ, ಸತ್ಯಸಂಧ. ಉದ್ರಿ ಕೇಳಲು ಬಂದ ಗಿರಾಕಿ ತನ್ನನ್ನು ತಾನೇ ಸತ್ಯಸಂಧ ಎಂದು ಹೇಳಿಕೊಂಡರೆ ನಮ್ಮ ಅಂಗಡಿಕಾರರು ನಂಬುತ್ತಾರೆಯೇ? ಕಳೆದ ಸಲದ ಖಾತೆ ತೆಗೆದು ನೋಡುತ್ತಾರೆ. ಓದುಗನೂ ಹಾಗೆಯೇ ಮಾಡಬೇಕು.

ಮನುಷ್ಯನ ಗುಣ ತಿಳಿಯುವುದು ಅವನ ಕೈಯಲ್ಲಿ ಒಂದು ರೂಪಾಯಿ ಇದ್ದು ಎದುರಿಗೆ ಎರಡು ಖರ್ಚು ನಿಂತಾಗ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಒಬ್ಬ ಹೆಣ್ಣುಮಗಳನ್ನು ಕಾದಂಬರಿಗೆ ತರುವುದಾದರೆ, ‘ಅವಳು ತ್ಯಾಗಮಯಿ’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಬಿಡಿಸಿದ ತೂಕಕ್ಕೆ ತಕ್ಕಂತೆ ಅವಳ ಕೂಲಿ. ಘಾಟಿಗೆ ಕಣ್ಣು ಉರಿಯುತ್ತದೆ, ರಾತ್ರಿ ಕೈಬೆರಳು ಸುಡುತ್ತವೆ. ಒಂದು ವಾರ ಅವಳ ಕೈಗೆ ಬಂದ ಹಣದಲ್ಲಿ ಮಗಳ ಪರೀಕ್ಷೆಯ ಫೀ ಕಟ್ಟಬೇಕು, ಅತ್ತೆಯ ಔಷಧ ತರಬೇಕು, ಎರಡೂ ಆಗದು. ಅವಳು ಫೀ ಕಟ್ಟುತ್ತಾಳೋ, ಔಷಧ ತರುತ್ತಾಳೋ, ಅಥವಾ ದಲಾಲಿ ಅಂಗಡಿಯಲ್ಲಿ ಮುಂಗಡ ಕೇಳಿ ಮುಂದಿನ ಹಂಗಾಮಿಗೆಲ್ಲ ಅಲ್ಲಿಯೇ ಕಟ್ಟುಬೀಳುತ್ತಾಳೋ? ಔಷಧ ಬಿಟ್ಟು ಫೀ ಕಟ್ಟಿದರೆ ಅತ್ತೆಗೆ ಏನೆಂದು ಸುಳ್ಳು ಹೇಳುತ್ತಾಳೆ? ಈ ಒಂದು ನಿರ್ಧಾರದಲ್ಲಿ ಅವಳ ಸ್ವಭಾವ ನಮಗೆ ಕಾಣುತ್ತದೆ. ಅಷ್ಟೇ ಅಲ್ಲ, ಮುಂದಿನ ಕಥೆಯೂ ಅಲ್ಲಿಂದಲೇ ಹೊರಡುತ್ತದೆ. ಪಾತ್ರ ಬೇರೆ, ಕಥೆಯ ಹೆಣಿಗೆ ಬೇರೆ ಎನ್ನುವುದು ಪಾಕಶಾಸ್ತ್ರಿಗಳ ಸುಳ್ಳು. ನೂಲುವವನಿಗೆ ಗೊತ್ತು: ಎಳೆ ಗಟ್ಟಿಯಿಲ್ಲದಿದ್ದರೆ ನೇಯ್ಗೆಯೂ ಗಟ್ಟಿಯಿಲ್ಲ.

ಮಾತಿನ ವಿಷಯವೂ ಇಷ್ಟೇ. ಮಾರುಕಟ್ಟೆಯ ಹಮಾಲ ದುಃಖವಾದಾಗ ‘ನನ್ನ ಹೃದಯ ಭಾರವಾಗಿದೆ’ ಎನ್ನುವುದಿಲ್ಲ. ‘ನಡೀರಿ, ಒಂದು ಕಪ್ ಚಾ ಕುಡಿಯೂಣು’ ಎಂದು ಮಾತು ಮರೆಸುತ್ತಾನೆ. ಹಣ ಕೊಡಲಾಗದ ವ್ಯಾಪಾರಿ ‘ನಾನು ಸಂಕಷ್ಟದಲ್ಲಿದ್ದೇನೆ’ ಎನ್ನುವುದಿಲ್ಲ. ‘ಸೋಮವಾರ ಬರ್ರಿ’ ಎನ್ನುತ್ತಾನೆ. ಆ ‘ಸೋಮವಾರ ಬರ್ರಿ’ ಎಂಬ ಎರಡು ಮಾತಿನಲ್ಲಿರುವ ನಾಚಿಕೆ, ಹೊಂಚು, ಮರ್ಯಾದೆ ಮೂರನ್ನೂ ಕೇಳಿಸಿಕೊಳ್ಳದವನು ಪಾತ್ರ ಕಟ್ಟಲಾರ.

ಚೋಮನ ಸಾಲ

ಇದು ನಮ್ಮ ಹೊಸ ಸಿದ್ಧಾಂತವಲ್ಲ. ಶಿವರಾಮ ಕಾರಂತರು 1933ರಲ್ಲಿಯೇ ‘ಚೋಮನ ದುಡಿ’ಯಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಹೊಲೆಯರ ಚೋಮನಿಗೆ ಒಂದೇ ಆಸೆ: ತನ್ನದೆನ್ನುವ ತುಂಡು ನೆಲದಲ್ಲಿ ಬೇಸಾಯ ಮಾಡಬೇಕು. ಅವನ ಬಳಿ ಎತ್ತುಗಳಿವೆ, ನೆಲವಿಲ್ಲ. ಕಥೆಯನ್ನು ಮುಂದಕ್ಕೆ ತಳ್ಳುವುದು ಯಾವ ಆಕಸ್ಮಿಕವೂ ಅಲ್ಲ, ಕಾಫಿ ತೋಟದ ಒಂದು ಸಾಲ. ಸಾಲ ತೀರಿಸಲು ಮಕ್ಕಳು ಘಟ್ಟ ಹತ್ತುತ್ತಾರೆ. ಒಬ್ಬ ಜ್ವರಕ್ಕೆ ತುತ್ತಾಗುತ್ತಾನೆ, ಇನ್ನೊಬ್ಬ ಬೇರೆ ದಾರಿ ಹಿಡಿಯುತ್ತಾನೆ. ಸಾಲ ಮಾತ್ರ ಅಲ್ಲಿಯೇ ಇದೆ. ಅದಕ್ಕೇ ಮಗಳು ಬೆಳ್ಳಿ ತೋಟಕ್ಕೆ ಹೋಗಬೇಕಾಗುತ್ತದೆ. ಅದಕ್ಕೇ ಮುಂದಿನ ಅನರ್ಥ. ಒಂದು ಕೊಂಡಿಯನ್ನು ತೆಗೆದರೆ ಸರಪಳಿ ಬೀಳುತ್ತದೆ.

ಇನ್ನೊಂದು ಮಾತನ್ನು ಗಮನಿಸಿರಿ. ಕಾರಂತರು ಧಣಿ ಸಂಕಪ್ಪಯ್ಯನನ್ನು ರಾಕ್ಷಸನನ್ನಾಗಿ ಮಾಡಲಿಲ್ಲ. ಅವನ ಮನಸ್ಸು ಒಂದಿಷ್ಟು ಕರಗುತ್ತದೆ, ನೆಲ ಕೊಡುವ ಯೋಚನೆಯೂ ಬರುತ್ತದೆ. ತಾಯಿಯ ವಿರೋಧಕ್ಕೆ, ಹಿಂದಿನಿಂದ ಬಂದ ಕಟ್ಟಿಗೆ ಅವನು ತಲೆಬಾಗುತ್ತಾನೆ. ಪಾಕದ ಲೇಖಕನಾಗಿದ್ದರೆ ಧಣಿಗೆ ಮೀಸೆ ಅಂಟಿಸಿ ಕೈಗೆ ಚಾವಟಿ ಕೊಟ್ಟು ಕೆಲಸ ಮುಗಿಸುತ್ತಿದ್ದ. ಆಗ ತಪ್ಪು ಒಬ್ಬ ಕೆಟ್ಟ ಮನುಷ್ಯನದಾಗುತ್ತಿತ್ತು. ಓದುಗ ಅವನಿಗೆ ಶಾಪ ಹಾಕಿ ನೆಮ್ಮದಿಯಿಂದ ಮಲಗುತ್ತಿದ್ದ. ಧಣಿ ಒಳ್ಳೆಯವನಾದರೂ ಚೋಮನಿಗೆ ನೆಲ ಸಿಗುವುದಿಲ್ಲ ಎಂದು ತಿಳಿದಾಗಲೇ ವ್ಯವಸ್ಥೆ ಎಂದರೇನೆಂಬುದು ಗೊತ್ತಾಗುತ್ತದೆ. ನೂರು ಭಾಷಣ ಮಾಡಲಾರದ ಕೆಲಸವನ್ನು ಒಂದು ಪಾತ್ರ ಮಾಡಿತು.

ನಮ್ಮವರ ಬೊಂಬೆಗಳು

ಹಾಗೆಂದು ತಪ್ಪೆಲ್ಲ ಪ್ರೇಮಕಥೆಯವರದು ಎಂದು ಹೇಳಿ ಜಾರಿಕೊಳ್ಳಲು ನಾವು ಸಿದ್ಧರಿಲ್ಲ. ದುಡಿಯುವವರ ಪರವಾಗಿ ಬರೆಯುತ್ತೇವೆ ಎಂದು ಹೊರಟವರೂ ಬೊಂಬೆಗಳನ್ನೇ ಮಾಡಿದ್ದುಂಟು. 1940ರ ದಶಕದಲ್ಲಿ ಅ.ನ. ಕೃಷ್ಣರಾಯರ ಮುಂದಾಳುತನದಲ್ಲಿ ಪ್ರಗತಿಶೀಲ ಚಳವಳಿ ಎದ್ದು, ಸಾಮಾನ್ಯ ಮನುಷ್ಯನನ್ನು ಕಾದಂಬರಿಯ ಅಂಗಳಕ್ಕೆ ಕರೆತಂದದ್ದು ದೊಡ್ಡ ಕೆಲಸ. ಬಸವರಾಜ ಕಟ್ಟೀಮನಿಯವರಂಥ ನಮ್ಮ ಸೀಮೆಯ ಲೇಖಕರು ಅದರಿಂದಲೇ ಬಲ ಪಡೆದರು. ಆದರೆ ಆ ದಾರಿಯಲ್ಲಿ ಹಿಂದಿನಿಂದ ಬಂದ ಎಷ್ಟೋ ಕಥೆಗಳಲ್ಲಿ ಕೂಲಿಕಾರ ಬಡತನದ ಒಂದು ಚಿತ್ರಪಟವಾದ, ಮುಂದಾಳು ನಡೆಯುವ ಕರಪತ್ರವಾದ. ಕೆಂಪು ಬಾವುಟ ಹಿಡಿದ ನಾಯಕನಿಗೆ ಹೆಂಡತಿಯ ಮೇಲೆ ಸಿಟ್ಟು ಬರುವುದಿಲ್ಲ, ಭಯ ಬರುವುದಿಲ್ಲ, ಆಸೆ ಬರುವುದಿಲ್ಲ. ಇಂಥವನನ್ನು ನಾವು ಯಾವ ಗಿರಣಿಯ ಬಾಗಿಲಲ್ಲೂ ಕಂಡಿಲ್ಲ.

ಈ ರೋಗಕ್ಕೆ ಮದ್ದನ್ನು ಹೇಳಿದವನು ಬೇರೆ ಯಾರೂ ಅಲ್ಲ, ಫ್ರೆಡರಿಕ್ ಎಂಗೆಲ್ಸ್. 1888ರಲ್ಲಿ ಮಾರ್ಗರೆಟ್ ಹಾರ್ಕ್‌ನೆಸ್ ಎಂಬ ಲೇಖಕಿಗೆ ಬರೆದ ಕಾಗದದಲ್ಲಿ ಅವನು ಎರಡು ಮಾತು ಹೇಳಿದ. ಒಂದು, ಆಕೆಯ ಕಾದಂಬರಿಯ ಕೆಲಸಗಾರರು ತಮಗಾಗಿ ತಾವು ಏನೂ ಮಾಡಲಾರದ ನಿರುಪಾಯರಾಗಿ ಕಾಣುತ್ತಾರೆ. ಇದು ಪೂರ್ಣ ಸತ್ಯವಲ್ಲ. ಎರಡು, ಲೇಖಕರ ಅಭಿಪ್ರಾಯ ಮರೆಯಲ್ಲಿದ್ದಷ್ಟೂ ಕೃತಿಗೆ ಒಳ್ಳೆಯದು. ರಾಜಶಾಹಿಯ ಪಕ್ಷಪಾತಿಯಾಗಿದ್ದ ಬಾಲ್ಜಾಕ್ ತನ್ನ ಒಲವಿಗೆ ವಿರುದ್ಧವಾದ ಸತ್ಯವನ್ನೂ ಬರೆದನೆಂದು ಎಂಗೆಲ್ಸ್ ಅವನನ್ನು ಮೆಚ್ಚಿಕೊಂಡ. ಅಂದರೆ ಕೂಲಿಕಾರನನ್ನು ದೇವರನ್ನಾಗಿ ಮಾಡಬೇಡಿ, ಅಯ್ಯೋಪಾಪವನ್ನಾಗಿಯೂ ಮಾಡಬೇಡಿ. ಅವನು ಏನನ್ನಾದರೂ ಮಾಡಲಿ, ಮಾಡಿದ್ದರ ಫಲವನ್ನು ಉಣ್ಣಲಿ.

ಗಾರ್ಕಿಯ ‘ತಾಯಿ’ 1906ರ ಕಾದಂಬರಿ. ರಷ್ಯದ ಸೊರ್ಮೊವೊ ಎಂಬ ಕಾರ್ಖಾನೆಯ ಊರಿನಲ್ಲಿ 1902ರಲ್ಲಿ ನಡೆದ ಮೇ ದಿನದ ಮೆರವಣಿಗೆ ಅದರ ಹಿನ್ನೆಲೆ. ಅದರಲ್ಲಿ ಭಾಷಣ ಮಾಡುವ ಮಗ ಪಾವೆಲ್‌ಗಿಂತ ಅವನ ತಾಯಿಯೇ ನಮ್ಮ ಮನಸ್ಸಿನಲ್ಲಿ ಉಳಿಯುತ್ತಾಳೆ. ಏಕೆ? ಮಗ ಬಹಳ ಬೇಗ ಗಟ್ಟಿಯಾಗಿಬಿಡುತ್ತಾನೆ. ತಾಯಿ ಹೆದರುತ್ತಾಳೆ. ಗಂಡನ ಹೊಡೆತ ತಿಂದು ಬಾಳಿದವಳು, ದೇವರಿಗೆ ಕೈಮುಗಿಯುವವಳು. ಅವಳು ಇಡುವ ಒಂದೊಂದು ಹೆಜ್ಜೆಗೂ ಬೆಲೆ ತೆರಬೇಕು. ಭಯವಿಲ್ಲದವನ ಧೈರ್ಯಕ್ಕೆ ಕಥೆಯಲ್ಲಿ ಬೆಲೆಯಿಲ್ಲ.

ಸಮಾಜವಾದಿಗಳಾದ ನಮ್ಮ ಮನೆಯ ಉದಾಹರಣೆಯನ್ನೇ ಹೇಳುತ್ತೇವೆ. 1951ರ ಕಾಗೋಡು ಸತ್ಯಾಗ್ರಹದಿಂದ ಬೆಳೆದುಬಂದ ಶಾಂತವೇರಿ ಗೋಪಾಲಗೌಡರು ನಮ್ಮೆಲ್ಲರ ಗೌರವಕ್ಕೆ ಪಾತ್ರರು. ಅವರ ಬದುಕಿನ ಎಳೆಗಳನ್ನು ಹಿಡಿದು ಯು.ಆರ್. ಅನಂತಮೂರ್ತಿಯವರು 1978ರಲ್ಲಿ ‘ಅವಸ್ಥೆ’ ಬರೆದರು. ಅದರ ಕೃಷ್ಣಪ್ಪಗೌಡ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದವನು, ಸಿಡುಕುವವನು. ಅಧಿಕಾರ ಬಾಗಿಲಿಗೆ ಬಂದಾಗ ತನ್ನನ್ನು ತಾನೇ ಅನುಮಾನಿಸುವವನು. ನಮ್ಮ ನಾಯಕನನ್ನು ಹೀಗೆ ಬರೆಯಬಹುದೇ ಎಂದು ಮುಖ ಸಿಂಡರಿಸುವವರಿಗೆ ನಮ್ಮ ಉತ್ತರ: ಹೀಗೆಯೇ ಬರೆಯಬೇಕು. ಹಾರ ಹಾಕಿದ ಭಾವಚಿತ್ರ ಗೋಡೆಯ ಮೇಲೆ ಇರಲಿ. ಕಾದಂಬರಿಯೊಳಗೆ ಮನುಷ್ಯ ಇರಲಿ.

‘ಮುಂದೇನಾತು?’ ಮತ್ತು ‘ಯಾಕಾತು?’

ಈಗ ಹೆಣಿಗೆಯ ಮಾತು. ಧಾರಾವಾಹಿಯವನಿಗೆ ಗೊತ್ತಿರುವುದು ಒಂದೇ ಪ್ರಶ್ನೆ, ‘ಮುಂದೇನಾತು?’ ನಿಜವಾದ ಕಾದಂಬರಿಕಾರ ಅದರ ಬೆನ್ನಿಗೇ ‘ಯಾಕಾತು?’ ಎಂದು ಕೇಳುತ್ತಾನೆ. ನಿರಂಜನರ ‘ಚಿರಸ್ಮರಣೆ’ 1955ರಲ್ಲಿ ಬಂತು. ಇಂದು ಕಾಸರಗೋಡು ಜಿಲ್ಲೆಗೆ ಸೇರಿದ ಕಯ್ಯೂರಿನ ರೈತರ ಹೋರಾಟದ ಕಥೆ ಅದು. 1943ರ ಮಾರ್ಚ್ 29ರಂದು ಆ ಊರಿನ ನಾಲ್ವರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು ಎಂಬುದು ಇತಿಹಾಸ. ಕೊನೆ ಏನೆಂದು ಗೊತ್ತಿದ್ದವರೂ ಆ ಪುಸ್ತಕವನ್ನು ಕೆಳಗಿಡುವುದಿಲ್ಲ. ಕಾರಣ, ಶಾಲೆಗೆ ಹೋಗುವ ಹುಡುಗರಾದ ಅಪ್ಪು, ಚಿರುಕಂಡರು ಮಾಸ್ತರರ ಮಾತು ಕೇಳುತ್ತ ಹೇಗೆ ಬೆಳೆದು ಗಲ್ಲಿನ ಹಗ್ಗದವರೆಗೆ ನಡೆದರು ಎಂಬ ‘ಹೇಗೆ, ಯಾಕೆ’ಗಳೇ ಅಲ್ಲಿಯ ಕುತೂಹಲ. ಗುಟ್ಟು ಬಚ್ಚಿಟ್ಟು ಓದುಗನನ್ನು ಎಳೆಯುವುದು ಅಗ್ಗದ ವಿದ್ಯೆ. ಗುಟ್ಟೇ ಇಲ್ಲದೆ ಎಳೆಯುವುದು ಹೆಣಿಗೆ.

ನಮ್ಮ ಪೇಟೆಗೇ ಬನ್ನಿರಿ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಬ್ಯಾಡಗಿಯ ಕೃಷಿ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಪಾಕದ ಲೇಖಕನ ಕೈಗೆ ಇದು ಸಿಕ್ಕರೆ ಅವನು ಬೆಂಕಿಯಿಂದಲೇ ಆರಂಭಿಸಿ, ಲಾರಿಯ ಮೇಲೆ ನಾಯಕನನ್ನು ಹತ್ತಿಸಿ, ಒಂದು ಅಧ್ಯಾಯ ಭಾಷಣ ಮಾಡಿಸುತ್ತಾನೆ. ಆದರೆ ಬೆಂಕಿ ಕಥೆಯ ಆರಂಭವಲ್ಲ. ಬೀಜಕ್ಕೆ ಮಾಡಿದ ಸಾಲ, ಕೊಯ್ದ ಕಾಯಿ ಕಣದಲ್ಲಿ ಒಣಗುವಾಗ ಮೋಡ ಕಂಡ ಭಯ, ಬಳ್ಳಾರಿ, ರಾಯಚೂರು, ಆಂಧ್ರದ ಕಡೆಗಳಿಂದಲೂ ಬಂದು ಒಂದೇ ಪೇಟೆಯಲ್ಲಿ ಒಟ್ಟಿದ ಚೀಲಗಳು, ಶೀತಗೃಹದ ಬಾಡಿಗೆ, ಹೋದ ವಾರ ಪಕ್ಕದ ಹೊಲದವನಿಗೆ ಸಿಕ್ಕ ದರದ ಸುದ್ದಿ, ಇವೆಲ್ಲ ಆ ದಿನಕ್ಕಿಂತ ಮೊದಲಿನವು. ಡಬ್ಬಿ, ಕಡ್ಡಿ ಎಂದು ಕಾಯಿಯನ್ನು ಬೇರ್ಪಡಿಸಬಲ್ಲ ನಮ್ಮ ಜನಕ್ಕೆ ಒಂದು ಸಿಟ್ಟಿನೊಳಗಿನ ಹತ್ತು ಸಿಟ್ಟುಗಳನ್ನು ಬೇರ್ಪಡಿಸಿ ಹೇಳಬಲ್ಲ ಕಾದಂಬರಿ ಬೇಕು. ಅಂದು ಕಲ್ಲು ಎತ್ತಿದವನು ಎತ್ತಿದ್ದೇಕೆ? ಪಕ್ಕದಲ್ಲಿಯೇ ನಿಂತು ಎತ್ತದೇ ಉಳಿದವನು ಉಳಿದದ್ದೇಕೆ? ಕಥೆಯಿರುವುದು ಈ ಇಬ್ಬರ ನಡುವಿನ ಅಂತರದಲ್ಲಿ.

ಇನ್ನೂ ಉದ್ದನೆಯ ಎಳೆ ಬೇಕೇ? ರಾಣೇಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಕೃತಕ ನೂಲಿಗೆ ಬೇಕಾದ ತಿರುಳು ತಯಾರಿಸುವ ಕಾರ್ಖಾನೆ ಬಂತು. ತಿರುಳಿಗೆ ಮರ ಬೇಕು. ಅದಕ್ಕೇ 1984ರಲ್ಲಿ ಸರಕಾರ ಮತ್ತು ಕಂಪನಿ ಕೂಡಿ ಒಂದು ಜಂಟಿ ಸಂಸ್ಥೆಯನ್ನು ಕಟ್ಟಿ, ಸುಮಾರು 30,000 ಹೆಕ್ಟೇರು ನೆಲವನ್ನು ನೀಲಗಿರಿ ಬೆಳೆಯಲು ಕೊಡುವ ಏರ್ಪಾಟು ಮಾಡಿದವು. ಆ ನೆಲ ಜನ ದನ ಮೇಯಿಸುವ, ಸೌದೆ ಆರಿಸುವ ನೆಲ. ಅದಕ್ಕೇ 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟರು. ‘ಕಿತ್ತಿಕೊ–ಹಚ್ಚಿಕೊ’ ಸತ್ಯಾಗ್ರಹ ಎಂದು ಅದಕ್ಕೆ ಹೆಸರಾಯಿತು. ಒಬ್ಬ ಕಾರ್ಖಾನೆಯ ಕೂಲಿಕಾರನಿದ್ದಾನೆ, ಅವನ ತಂಗಿಯನ್ನು ಕುಸನೂರಿನ ಕಡೆ ಕೊಟ್ಟಿದೆ ಎಂದು ಕಲ್ಪಿಸಿಕೊಳ್ಳಿರಿ. ಅಣ್ಣನ ಪಗಾರ ನಿಂತಿರುವುದು ಆ ಮರದ ಮೇಲೆ, ತಂಗಿಯ ಒಲೆ ಉರಿಯುವುದು ಆ ನೆಲದ ಮೇಲೆ. ಪಂಚಮಿಗೆ ತಂಗಿ ತವರಿಗೆ ಬಂದಾಗ ಇಬ್ಬರೂ ಏನು ಮಾತಾಡುತ್ತಾರೆ, ಏನು ಮಾತಾಡದೆ ಬಿಡುತ್ತಾರೆ? ಇದಕ್ಕೆ ಕಳೆದುಹೋದ ಕಾಗದ ಬೇಡ, ಮೋಟಾರು ಅಪಘಾತ ಬೇಡ.

ಹನ್ನೆರಡನೆಯ ದಿನ

ಒಂದು ಗಿರಣಿಯ ಮುಷ್ಕರದ ಕಥೆ ಬರೆಯುವವನಿಗೆ ನಮ್ಮ ಸಲಹೆ ಇದು: ಮೊದಲ ದಿನದ ಘೋಷಣೆಗೆ ಎರಡು ಸಾಲು ಸಾಕು, ಹನ್ನೆರಡನೆಯ ದಿನಕ್ಕೆ ಎರಡು ಅಧ್ಯಾಯ ಕೊಡಿ. ಆ ದಿನ ಒಬ್ಬ ಕೂಲಿಕಾರ ಬೆಳಗಿನ ಕತ್ತಲಲ್ಲಿ ಹಿಂದಿನ ಬಾಗಿಲಿನಿಂದ ಗಿರಣಿಯೊಳಗೆ ಹೋದ. ಅವನಿಗೆ ದ್ರೋಹಿ ಎಂದು ಹೆಸರಿಟ್ಟರೆ ಘೋಷಣೆಗೆ ಸಾಕಾದೀತು; ಕಾದಂಬರಿಗೆ ಸಾಲದು. ಹಿಂದಿನ ಸಂಜೆ ಅಂಗಡಿಕಾರ ಅವನಿಗೆ ಜೋಳ ಉದ್ರಿ ಕೊಡಲಿಲ್ಲ. ಅಂಗಡಿಕಾರ ಕೆಟ್ಟವನೇ? ಹನ್ನೊಂದು ದಿನ ಓಣಿಗೆಲ್ಲ ಉದ್ರಿ ಕೊಟ್ಟವನು ಅವನೇ. ಠೋಕ ವ್ಯಾಪಾರಿ ಹಳೆಯ ಬಾಕಿ ಕೇಳಿದ, ಚೀಲ ಕಳಿಸಲಿಲ್ಲ. ಹೀಗೆ ಗಿರಣಿಯ ಆಫೀಸಿನಲ್ಲಿ ಆದ ಒಂದು ತೀರ್ಮಾನ ಮೂರು ಕೈ ದಾಟಿ ಒಬ್ಬ ಬಡವನನ್ನು ಹಿಂದಿನ ಬಾಗಿಲಿಗೆ ತಂದು ನಿಲ್ಲಿಸಿತು. ಓಣಿಯಲ್ಲಿ ಮಾತ್ರ ಕೂಲಿಕಾರ ಅಂಗಡಿಕಾರನನ್ನು ಬೈಯುತ್ತಾನೆ, ಅಂಗಡಿಕಾರ ಕೂಲಿಕಾರನನ್ನು ಬೈಯುತ್ತಾನೆ. ತೀರ್ಮಾನ ಮಾಡಿದವನ ಹೆಸರು ಇಬ್ಬರ ಬಾಯಲ್ಲೂ ಇಲ್ಲ.

ಈ ಪತ್ರಿಕೆಯನ್ನು ಓದುವವರು ಈ ಇಬ್ಬರೇ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕಾಣದ ಹಾಗೆ ಬದುಕು ನಮ್ಮನ್ನು ಇಟ್ಟಿದೆ. ಇಬ್ಬರ ಲೆಕ್ಕವನ್ನೂ ಒಂದೇ ಪುಟದ ಮೇಲೆ ಬರೆದು ತೋರಿಸುವ ಸಾಮರ್ಥ್ಯ ಕಾದಂಬರಿಗೆ ಇದೆ. ಪಾಕದ ಕಾದಂಬರಿ ಆ ಪುಟವನ್ನೇ ಹರಿದುಹಾಕುತ್ತದೆ. ನಮ್ಮ ಸಿಟ್ಟಿಗೆ ಮೂಲ ಇದು.

‘ಜನಕ್ಕೆ ಮನರಂಜನೆ ಬೇಕು’ ಎನ್ನುವವರಿಗೆ

ದುಡಿದು ದಣಿದ ಜನಕ್ಕೆ ಸಾಲ, ಲೆಕ್ಕ, ಮುಷ್ಕರ ಬೇಡ, ಮನರಂಜನೆ ಬೇಕು ಎಂದು ಪಾಕಶಾಸ್ತ್ರಿಗಳು ವಾದಿಸುತ್ತಾರೆ. ಇದು ಜನರ ಹೆಸರಿನಲ್ಲಿ ಜನರಿಗೆ ಮಾಡುವ ಅವಮಾನ. ‘ಸಂಗ್ಯಾ ಬಾಳ್ಯಾ’ ಆಟವನ್ನು ನಮ್ಮ ಹಳ್ಳಿಗಳು ತಲೆಮಾರುಗಳಿಂದ ರಾತ್ರಿಯಿಡೀ ಕುಳಿತು ನೋಡಿವೆ. ಬೈಲಹೊಂಗಲದಲ್ಲಿ ನಡೆದ ನಿಜ ಸಂಗತಿ ಅದರ ಮೂಲ ಎನ್ನುತ್ತಾರೆ. ಸಂಗ್ಯಾ ಕೊಲೆಯಾಗುತ್ತಾನೆಂದು ಮಕ್ಕಳಿಗೂ ಗೊತ್ತು. ಈರ್ಯಾ ವ್ಯಾಪಾರಕ್ಕೆಂದು ಊರು ಬಿಟ್ಟು ಹೋಗುತ್ತಾನೆ. ಅವನ ಕಸುಬೇ ಕಥೆಯ ಬಾಗಿಲನ್ನು ತೆರೆಯುತ್ತದೆ. ಗೆಳೆಯ ಬಾಳ್ಯಾನ ಮನಸ್ಸು ಯಾವ ಗಳಿಗೆಯಲ್ಲಿ ತಿರುಗಿತು ಎಂದು ನೋಡಲು ಜನ ಚಳಿಯಲ್ಲಿ ಕಂಬಳಿ ಹೊದ್ದು ಕೂಡುತ್ತಾರೆ. ಇಂಥ ರುಚಿಯುಳ್ಳ ಜನಕ್ಕೆ ಸಪ್ಪೆ ಊಟ ಬಡಿಸಿ ‘ಅವರಿಗೆ ಇದೇ ಇಷ್ಟ’ ಎನ್ನುವುದು ಯಾವ ನ್ಯಾಯ?

ಹಾವೇರಿ ಸೀಮೆಗೆ ಕಾದಂಬರಿ ಹೊರಗಿನದೇನೂ ಅಲ್ಲ. ತುಂಗಭದ್ರೆ, ವರದೆಯರು ಕೂಡುವ ಗಳಗನಾಥದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಊರಿನ ಹೆಸರನ್ನೇ ತಮ್ಮ ಹೆಸರು ಮಾಡಿಕೊಂಡು ಬರೆದರು. ಶಾಲಾ ಮಾಸ್ತರರಾಗಿದ್ದವರು ಅವರು. ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ‘ಮಾಧವ ಕರುಣಾ ವಿಲಾಸ’ದಲ್ಲಿ ವಿಜಯನಗರವನ್ನು ಕಣ್ಣಿಗೆ ಕಟ್ಟಿದರು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡಿಗರಿಗೆ ಓದುವ ಚಟ ಹಚ್ಚಿದ ಆ ಹಿರಿಯರಿಗೆ ನಮ್ಮ ನಮಸ್ಕಾರ. ಆದರೆ ಅವರ ಹೆಚ್ಚಿನ ಪುಸ್ತಕಗಳಲ್ಲಿ ಇದ್ದವರು ಅರಸರು, ಮಂತ್ರಿಗಳು, ದಂಡನಾಯಕರು. ಗಂಟು ಹೊತ್ತು ನಡೆದವರು ದಾರಿಯಲ್ಲಿ ಕಂಡ ಗಾಡಿಯವ, ಧರ್ಮಶಾಲೆಯ ಮುದುಕಿ, ಎರಡಾಣೆ ಚೌಕಾಸಿ ಮಾಡಿ ಪುಸ್ತಕ ಕೊಂಡ ಅಂಗಡಿಕಾರ, ಇವರು ಗಂಟಿನ ಹೊರಗೇ ಉಳಿದರು. ಅವರನ್ನು ಒಳಗೆ ತರುವ ಕೆಲಸ ಹಿಂದೆ ಬಂದವರಿಗೆ ಬಿಟ್ಟದ್ದು. 2023ರ ಜನವರಿ 6ರಿಂದ 8ರವರೆಗೆ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲಿಯೇ ಜರುಗಿತು. ಮೆರವಣಿಗೆಯಾಯಿತು, ಊಟವಾಯಿತು, ಪುಸ್ತಕದ ಮಳಿಗೆಗಳಿದ್ದವು. ಆ ಊಟದ ಚೀಲ ಇಳಿಸಿದ ಹಮಾಲನ ಕಾದಂಬರಿಯನ್ನು ಬರೆಯುವವರು ಯಾರು?

ಆದ್ದರಿಂದ ಬರೆಯಲು ಹೊರಟ ಗೆಳೆಯರಿಗೆ, ಅಕ್ಕತಂಗಿಯರಿಗೆ ನಮ್ಮ ಮಾತು ಇಷ್ಟು. ನಾಯಕನಿಗೆ ಹೆಸರಿಡುವ ಮೊದಲು ಕಸುಬು ಕೊಡಿರಿ. ಅವನು ಯಾರಿಗೆ ಬಾಕಿ, ಅವನಿಗೆ ಯಾರು ಬಾಕಿ ಎಂದು ಒಂದು ಹಾಳೆಯ ಮೇಲೆ ಬರೆದುಕೊಳ್ಳಿರಿ. ಅವನು ಮುಚ್ಚಿಡುವ ಒಂದು ಭಯ, ಹೇಳಿಕೊಳ್ಳಲಾರದ ಒಂದು ಆಸೆ ಯಾವುದೆಂದು ತಿಳಿದುಕೊಳ್ಳಿರಿ. ಎದುರಾಳಿಗೂ ಅಷ್ಟೇ ಲೆಕ್ಕ, ಅಷ್ಟೇ ಭಯ ಕೊಡಿರಿ. ಆಮೇಲೆ ಇಬ್ಬರೂ ಬೇಡವೆಂದರೂ ಕೂಡಲೇಬೇಕಾದ ಒಂದು ಜಾಗ ಹುಡುಕಿರಿ: ಸಂತೆ, ಸೊಸೈಟಿ, ಗಿರಣಿಯ ಬಾಗಿಲು, ಆಸ್ಪತ್ರೆಯ ಸಾಲು. ‘ಅದಕ್ಕೇ’ ಎಂದು ಹೇಳಲು ಬಾರದ ಘಟನೆ ಎಷ್ಟೇ ಚೆಂದವಿರಲಿ, ಹೊಡೆದುಹಾಕಿರಿ. ಬರೆದದ್ದನ್ನು ಪಂಡಿತರಿಗೆ ಕಳಿಸುವ ಮೊದಲು, ಆ ಕಸುಬು ಮಾಡುವ ಒಬ್ಬರಿಗೆ ಓದಿ ಹೇಳಿರಿ. ತೂಕದ ಮಾತು ತಪ್ಪಿದ್ದರೆ ತಕ್ಕಡಿ ಹಿಡಿದವರು ಅಲ್ಲಿಯೇ ಹೇಳುತ್ತಾರೆ.

ಓದುವವರಿಗೂ ಒಂದು ಕೆಲಸವಿದೆ. ಗ್ರಂಥಾಲಯದಲ್ಲಿ ಹೊಸ ಕಾದಂಬರಿ ಕೈಗೆತ್ತಿಕೊಂಡಾಗ ನಾಲ್ಕು ಪುಟ ತಿರುವಿ ಕೇಳಿರಿ: ಇವನು ಏನು ಕೆಲಸ ಮಾಡುತ್ತಾನೆ? ಪುಸ್ತಕ ಉತ್ತರ ಕೊಡದಿದ್ದರೆ ಅದನ್ನು ಕಪಾಟಿನಲ್ಲಿಯೇ ಇಟ್ಟುಬನ್ನಿರಿ.